ಪದೇ ಪದೇ ಕ್ರಾಸ್ ಹೋಗ್ತಿದೆಯಾ? ಹೊಸದು ಹಾಕಿಸುವ ಮೊದಲು ಕಾರಣ ಹುಡುಕಿ

ಗೊಬ್ಬರ, ಕೀಟ, ರೋಗದ ಬಗ್ಗೆ ಬರೆಯೋ ಜಾಗದಲ್ಲಿ ಈ ವಾರ ಗಾಡಿ ವಿಷಯ ಯಾಕೆ ಅಂತ ಕೇಳಬಹುದು. ಕಾರಣ ಇದೆ. ನಮ್ಮ ತೋಟದ ಹಳೇ ಫೋರ್ ವೀಲ್ ಡ್ರೈವ್ ಗಾಡಿಯ ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ 8 ತಿಂಗಳಲ್ಲಿ 3 ಸಲ ಹೋಯ್ತು. ಮೂರನೇ ಸಲ ಹೋಗಿದ್ದು ಘಟ್ಟದ ಏರಿನಲ್ಲಿ. ಹಿಂದೆ ತರಕಾರಿ ಕ್ರೇಟ್‌ಗಳು, ಪಕ್ಕದಲ್ಲಿ ಅಪ್ಪಯ್ಯ. ಕೆಳಗಿನಿಂದ 'ಢಣ್' ಅಂತ ಶಬ್ದ ಬಂತು, ಎಂಜಿನ್ ಓಡ್ತಾ ಇದ್ದರೂ ಗಾಡಿ ನಿಂತು ಹಿಂದಕ್ಕೆ ಜಾರೋಕೆ ಶುರುವಾಯ್ತು. ಗೇರಿನಲ್ಲೇ ಇದೆ, ನಿಲ್ಲತ್ತೆ ಅಂದುಕೊಂಡೆ. ನಿಲ್ಲಲಿಲ್ಲ. ಶಾಫ್ಟ್ ತುಂಡಾದ ಮೇಲೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ. ಬ್ರೇಕ್ ಒತ್ತಿ ಹಿಡಿದೆ, ಅಪ್ಪಯ್ಯ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಬೀಸಾಡುವ ಶಾಫ್ಟ್ ಬ್ರೇಕ್ ಪೈಪಿಗೆ ಹೊಡೆದಿದ್ದರೆ ಏನಾಗ್ತಿತ್ತು ಅಂತ ಆಮೇಲೆ ಯೋಚನೆ ಬಂತು.

ಅವತ್ತು ರಾತ್ರಿ ನನ್ನ ಮೇಲೇ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಟೊಮ್ಯಾಟೊ ಕಾಯಿಯ ತುದಿ ಕಪ್ಪಾಗಿ ಕೊಳೆತರೆ ಶಿಲೀಂಧ್ರನಾಶಕ ಹೊಡೆಯಬೇಡಿ, ಅದು ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆಗೋ ತೊಂದರೆ, ಮೊದಲು ನೀರು ಏರುಪೇರಾಗದ ಹಾಗೆ ನೋಡ್ಕೊಳ್ಳಿ ಅಂತ ಎಲ್ಲರಿಗೂ ಹೇಳೋನು ನಾನು. ಗಾಡಿ ವಿಷಯದಲ್ಲಿ ಮಾತ್ರ ಕಣ್ಣಿಗೆ ಕಂಡ ಭಾಗವನ್ನೇ ಬದಲಿಸ್ತಾ ಹೋದೆ. ಒಂದೇ ಭಾಗ ಮತ್ತೆ ಮತ್ತೆ ಹೋಗ್ತಿದ್ದರೆ ಅದು ರೋಗವಲ್ಲ, ರೋಗದ ಲಕ್ಷಣ.

ಕ್ರಾಸ್ ಅಂದ್ರೆ ಏನು, ಅದರ ಕೆಲಸ ಏನು?

ಎಂಜಿನ್ನಿನ ಶಕ್ತಿ ಕ್ಲಚ್, ಗೇರ್‌ಬಾಕ್ಸ್ ದಾಟಿ ಟ್ರಾನ್ಸ್‌ಫರ್ ಕೇಸಿಗೆ ಬರತ್ತೆ. ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್. ಶಾಫ್ಟಿನ ತುದಿಯಲ್ಲಿ ಡಿಫರೆನ್ಷಿಯಲ್ಲಿನ ಕ್ರೌನ್-ಪಿನಿಯನ್, ಅಲ್ಲಿಂದ ಆಕ್ಸಲ್, ಚಕ್ರ. ಗೇರ್‌ಬಾಕ್ಸ್ ಚಾಸಿಗೆ ಕೂತಿರತ್ತೆ, ಆಕ್ಸಲ್ ಮಾತ್ರ ಹೊಂಡ ಬಂದಾಗಲೆಲ್ಲ ಮೇಲೆ ಕೆಳಗೆ ಆಡತ್ತೆ. ಹೀಗೆ ಓರೆಯಾದರೂ ತಿರುಗುವಿಕೆ ದಾಟಬೇಕು ಅಂತ ಶಾಫ್ಟಿನ ಎರಡೂ ತುದಿಗೆ ಒಂದೊಂದು ಯೂನಿವರ್ಸಲ್ ಜಾಯಿಂಟ್ ಇರತ್ತೆ. ಎರಡು ಕವೆಗಳ ನಡುವೆ ಕೂತ, ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡೇ ಕ್ರಾಸ್. ಅದರ ನಾಲ್ಕು ತೋಳಿಗೂ ಒಂದೊಂದು ಕಪ್, ಕಪ್ಪಿನೊಳಗೆ ಸೂಜಿಯಂಥ ಸಣ್ಣ ಸಣ್ಣ ಬೇರಿಂಗ್‌ಗಳು.

ಈ ಜಾಯಿಂಟಿಗೆ ಹುಕ್ಸ್ ಜಾಯಿಂಟ್ ಅಂತಲೂ ಹೆಸರಿದೆ. 1665ರಲ್ಲಿ ಬಂದ 'ಮೈಕ್ರೋಗ್ರಾಫಿಯಾ' ಪುಸ್ತಕದಲ್ಲಿ ಬೆಂಡಿನ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 'ಸೆಲ್' ಅನ್ನೋ ಹೆಸರು ಕೊಟ್ಟ ರಾಬರ್ಟ್ ಹುಕ್ ಅವರೇ ಇವರು. ಕಾಲೇಜಿನಲ್ಲಿ ಜೀವಕೋಶದ ಪಾಠದಲ್ಲಿ ಓದಿದ ಹೆಸರು ಗಾಡಿಯ ಕೆಳಗೆ ಮಲಗಿದಾಗ ಮತ್ತೆ ಸಿಕ್ತು.

ಇಲ್ಲಿ ಒಂದು ಮುಖ್ಯ ವಿಷಯ. ಜಾಯಿಂಟ್ ಓರೆಯಾಗಿದ್ದಾಗ ಒಂದು ಕಡೆ ಒಂದೇ ಸಮ ತಿರುಗಿಸಿದರೂ ಇನ್ನೊಂದು ಕಡೆ ಒಂದೇ ಸಮ ತಿರುಗಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಸ್ವಲ್ಪ ಜೋರಾಗಿ, ಎರಡು ಸಲ ಸ್ವಲ್ಪ ನಿಧಾನವಾಗಿ ತಿರುಗತ್ತೆ. ಓರೆ ಹೆಚ್ಚಾದಷ್ಟೂ ಈ ಏರುಪೇರು ಹೆಚ್ಚು. ಮುಂದಿನ ಜಾಯಿಂಟಿನ ಏರುಪೇರನ್ನು ಹಿಂದಿನ ಜಾಯಿಂಟ್ ಸರಿದೂಗಿಸತ್ತೆ. ಆದರೆ ಅದಕ್ಕೆ ಎರಡು ಷರತ್ತು: ಎರಡೂ ತುದಿಯ ಕೋನ ಹೆಚ್ಚುಕಡಿಮೆ ಸಮ ಇರಬೇಕು, ಶಾಫ್ಟಿನ ಎರಡೂ ತುದಿಯ ಕವೆಗಳು ಒಂದೇ ಸಾಲಿನಲ್ಲಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಆ ಪೆಟ್ಟೆಲ್ಲ ಕ್ರಾಸಿಗೆ, ಪಿನಿಯನ್ ಬೇರಿಂಗಿಗೆ ಬೀಳತ್ತೆ.

ಮೊದಲ ಹೆಜ್ಜೆ: ಹಾಳಾದ ಭಾಗ ಬಿಸಾಡಬೇಡಿ

ನನ್ನ ಪುಣ್ಯಕ್ಕೆ ಹಳೇ ಕ್ರಾಸ್ ಮೂರೂ ಶೆಡ್ಡಿನ ಡಬ್ಬಿಯಲ್ಲಿ ಬಿದ್ದಿದ್ದವು. ಪಕ್ಕದ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಟ್ಟು, "ತಮ್ಮಾ, ಇದೊಂದು ಬೇರೆ ಜಾತಿ, ಇವೆರಡು ಬೇರೆ ಜಾತಿ" ಅಂದ್ರು. ನೀವೂ ಹೀಗೇ ನೋಡಿ:

- ಕೆಂಪು ತುಕ್ಕಿನ ಪುಡಿ, ಒಣಗಿದ ಕಪ್: ಗ್ರೀಸ್ ತಲುಪಿಲ್ಲ ಅಥವಾ ನೀರು ಹೊಕ್ಕಿದೆ. ನಾಲ್ಕರಲ್ಲಿ ಒಂದೇ ಕಪ್ ಹೀಗಿದ್ದರೆ ಆ ಕಡೆ ಗ್ರೀಸ್ ದಾರಿ ಕಟ್ಟಿರಬಹುದು.
- ತೋಳಿನ ಮೇಲೆ ಸೂಜಿ ಒತ್ತಿದಂಥ ಗೆರೆಗಳ ಸಾಲು: ಗ್ರೀಸ್ ಇದ್ದೂ ಹೀಗಾಗಿದ್ದರೆ ಭಾರ ಅಥವಾ ಕೋನ ಹೆಚ್ಚಾಗಿದೆ.
- ನೀಲಿ ಬಣ್ಣ, ಸುಟ್ಟ ಗುರುತು: ಗ್ರೀಸಿಲ್ಲದೆ ವಿಪರೀತ ಕಾದಿದೆ.
- ಸವೆತವೇ ಇಲ್ಲದೆ ತೋಳು ಮುರಿದಿದ್ದು: ಒಂದೇ ಸಲ ಬಿದ್ದ ದೊಡ್ಡ ಪೆಟ್ಟು. ಕೆಸರಲ್ಲಿ ಹೂತಾಗ ಎಕ್ಸಲೇಟರ್ ಒತ್ತಿ ಹಿಡಿದು ಕ್ಲಚ್ ಥಟ್ಟನೆ ಬಿಟ್ಟರೆ ಹೀಗಾಗತ್ತೆ.

ನಮ್ಮ ಮೊದಲನೇ ಕ್ರಾಸಿನ ಒಂದು ಕಪ್ಪಿನಲ್ಲಿ ಕೆಂಪು ತುಕ್ಕು ತುಂಬಿತ್ತು. ಮಳೆಗಾಲದಲ್ಲಿ ಹಳ್ಳ ದಾಟಿಸಿ ಗ್ರೀಸ್ ಹೊಡೆಯದೆ ಬಿಟ್ಟಿದ್ದು ನಾನೇ. ಎರಡನೆಯದು, ಮೂರನೆಯದರಲ್ಲಿ ಗ್ರೀಸ್ ಚೆನ್ನಾಗಿತ್ತು, ಆದರೆ ತೋಳಿನ ಮೇಲೆ ಸೂಜಿ ಅಚ್ಚು. ಅಂದ್ರೆ ಮೊದಲ ಸಲದ ಕಾರಣ ಬೇರೆ, ಆಮೇಲಿನ ಎರಡು ಸಲದ ಕಾರಣ ಬೇರೆ. ಎಲ್ಲದಕ್ಕೂ "ಡೂಪ್ಲಿಕೇಟ್ ಮಾಲು" ಅಂತ ಅಂಗಡಿಯವನನ್ನ ಬೈದು ನಾನು ಸುಮ್ಮನಾಗಿದ್ದೆ.

ಎರಡನೇ ಹೆಜ್ಜೆ: ಶಬ್ದ ಯಾವಾಗ ಬರತ್ತೆ ಬರೆದಿಡಿ

"ಶಬ್ದ ಬರತ್ತೆ" ಅಂತ ಮೆಕ್ಯಾನಿಕ್‌ಗೆ ಹೇಳೋದು "ಎಲೆ ಹಳದಿಯಾಗಿದೆ" ಅಂತ ಫೋನಲ್ಲಿ ಹೇಳಿದ ಹಾಗೆ. ಹಳೇ ಎಲೆಯಾ ಚಿಗುರಾ, ಅಂಚಾ ನರಾನಾ ಅಂತ ಹೇಗೆ ನೋಡ್ತೀವೋ ಹಾಗೆ ಇಲ್ಲೂ ನೋಡಬೇಕು.

- ನಿಧಾನಕ್ಕೆ ಹೋಗುವಾಗ ಚಕ್ರದ ವೇಗಕ್ಕೆ ತಕ್ಕ ಹಾಗೆ 'ಕೀಚ್ ಕೀಚ್': ಒಣಗಿದ ಕ್ರಾಸ್.
- ರಿವರ್ಸಿನಿಂದ ಮುಂದಕ್ಕೆ ಹಾಕಿದಾಗ 'ಟಣ್': ಕ್ರಾಸ್, ಸ್ಲಿಪ್ ಜಾಯಿಂಟ್ ಅಥವಾ ಕ್ರೌನ್-ಪಿನಿಯನ್‌ನಲ್ಲಿ ಆಟ ಹೆಚ್ಚಾಗಿದೆ.
- ಒಂದು ವೇಗಕ್ಕೆ ಬಂದಾಗ ಮಾತ್ರ ನಡುಕ: ಖಾಲಿಯಿರೋ ನೇರ ಸಮತಟ್ಟು ರಸ್ತೆಯಲ್ಲಿ ಅದೇ ವೇಗದಲ್ಲಿ ಕ್ಷಣಕಾಲ ಕ್ಲಚ್ ಒತ್ತಿ ನೋಡಿ. ಎಂಜಿನ್ ವೇಗ ಇಳಿದರೂ ನಡುಕ ಹಾಗೇ ಇದ್ದರೆ ತೊಂದರೆ ಎಂಜಿನ್ನಿನದಲ್ಲ. ಶಾಫ್ಟ್ ಅಥವಾ ಚಕ್ರದ್ದು.
- ಎಕ್ಸಲೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ 'ಗುಂಯ್': ಕ್ರೌನ್-ಪಿನಿಯನ್ ಕಡೆ ನೋಡಿಸಿ.

ಡೈರಿ ತೆಗೆದು ನೋಡಿದೆ. ಮೊದಲ ರಿಪೇರಿ ಆಗಿ ಬಂದ ವಾರವೇ "50 ದಾಟಿದರೆ ಸೀಟು ನಡುಗತ್ತೆ" ಅಂತ ನಾನೇ ಬರೆದಿದ್ದೆ. ಟೈರ್ ಹಳೇದು, ಅದಕ್ಕೇ ಇರಬೇಕು ಅಂತ ಮುಂದೆ ಯೋಚಿಸಿರಲಿಲ್ಲ. ರಿಪೇರಿಗೆ ಮುಂಚೆ ಇಲ್ಲದ ನಡುಕ ರಿಪೇರಿ ಆದ ಮೇಲೆ ಬಂದರೆ ಆ ರಿಪೇರಿಯಿಂದಲೇ ಹುಡುಕಾಟ ಶುರು ಮಾಡಬೇಕು.

ಮೂರನೇ ಹೆಜ್ಜೆ: ಗಾಡಿಯ ಕೆಳಗೆ ನೋಡಿ

ಮೊದಲು ಸುರಕ್ಷತೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿಟ್ಟರೂ ಗಾಡಿ ಉರುಳಬಹುದು. ಹಳೇ ಜೀಪುಗಳ ಕೆಲವು ಮಾಡೆಲ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿರಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿರತ್ತೆ. ಹಿಂದಿನ ಶಾಫ್ಟ್ ಬಿಚ್ಚಿದರೆ ಅದೂ ಹಿಂದಿನ ಚಕ್ರವನ್ನು ಹಿಡಿಯಲ್ಲ.

ಆಮೇಲೆ ಈ ಕ್ರಮದಲ್ಲಿ ನೋಡಿ:

1. ಕವೆಗಳ ಸಾಲು. ಶಾಫ್ಟಿನ ನಡುವೆ ಹಲ್ಲು ಹಲ್ಲಾಗಿ ಕೂರುವ ಸ್ಲಿಪ್ ಜಾಯಿಂಟ್ ಇರತ್ತೆ. ಬಿಚ್ಚಿ ಜೋಡಿಸುವಾಗ ಒಂದೆರಡು ಹಲ್ಲು ಆಚೀಚೆ ಆದರೆ ಎರಡೂ ತುದಿಯ ಕವೆಗಳ ಸಾಲು ತಪ್ಪತ್ತೆ. ಹೆಚ್ಚಿನ ಶಾಫ್ಟ್‌ಗಳಲ್ಲಿ ಬಾಣದ ಗುರುತು ಇರತ್ತೆ, ಕೆಸರು ಕೆರೆದು ನೋಡಿ.
2. ಯು ಬೋಲ್ಟ್, ಕಮಾನು ಪಟ್ಟಿ, ಬುಷ್. ಯು ಬೋಲ್ಟ್ ಸಡಿಲವಾಗಿದ್ದರೆ, ಬುಷ್ ಸವೆದಿದ್ದರೆ ಎಕ್ಸಲೇಟರ್ ಕೊಟ್ಟಾಗ ಆಕ್ಸಲ್ ಹೊರಳಿ ಪಿನಿಯನ್ ಮೂತಿ ಮೇಲಕ್ಕೇಳತ್ತೆ. ಕೋನ ಆಗ ತಪ್ಪತ್ತೆ.
3. ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್. ಹಳೇ ಗಾಡಿಗಳಲ್ಲಿ ಕುಸಿದಿರತ್ತೆ. ಆ ಕಡೆಯ ಕೋನ ಇದರಿಂದ ಬದಲಾಗತ್ತೆ.
4. ಕೋನದ ಅಳತೆ. ಮೊಬೈಲಿನ ಲೆವೆಲ್ ಆ್ಯಪ್ ಸಾಕು. ಗಾಡಿ ಚಕ್ರದ ಮೇಲೇ ನಿಂತಿರಬೇಕು. ಆಕ್ಸಲ್ ನೇತಾಡ್ತಿದ್ದರೆ ಅಳತೆ ತಪ್ಪು. ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್, ಶಾಫ್ಟ್, ಪಿನಿಯನ್ ಫ್ಲ್ಯಾಂಜ್, ಮೂರರ ಓರೆಯನ್ನೂ ಬರೆದುಕೊಳ್ಳಿ. ಶಾಫ್ಟಿಗೂ ಆಯಾ ಫ್ಲ್ಯಾಂಜಿಗೂ ಇರೋ ವ್ಯತ್ಯಾಸವೇ ಆಯಾ ಜಾಯಿಂಟಿನ ಕೋನ. ಎರಡೂ ಕೋನಗಳ ನಡುವಿನ ವ್ಯತ್ಯಾಸ 1 ಡಿಗ್ರಿ ಒಳಗಿದ್ದರೆ ಒಳ್ಳೇದು. ಖಾಲಿ ಗಾಡಿಯಲ್ಲೊಮ್ಮೆ, ಮಾಮೂಲಿ ಲೋಡಿನಲ್ಲೊಮ್ಮೆ ಅಳೆಯಿರಿ.

ಈ ಲೆಕ್ಕ ಎರಡೂ ತುದಿಗೆ ಒಂದೊಂದೇ ಕ್ರಾಸ್ ಇರೋ ಒಂಟಿ ಶಾಫ್ಟಿಗೆ. ಒಂದೇ ತುದಿಯಲ್ಲಿ ಎರಡು ಕ್ರಾಸ್ ಇದ್ದರೆ, ನಡುವೆ ಸೆಂಟರ್ ಬೇರಿಂಗ್ ಇದ್ದರೆ ಲೆಕ್ಕ ಬೇರೆ. ಆಗ ಗಾಡಿಯ ಕೈಪಿಡಿಯನ್ನೇ ನೋಡಬೇಕು.

ನಮ್ಮ ಗಾಡಿಯಲ್ಲಿ ಸಿಕ್ಕಿದ್ದು

ಸ್ಲಿಪ್ ಜಾಯಿಂಟ್ ಎರಡು ಹಲ್ಲು ತಪ್ಪಿ ಕೂತಿತ್ತು. ಮೊದಲ ರಿಪೇರಿಯಲ್ಲಿ ಗುರುತು ಹಾಕದೆ ಬಿಚ್ಚಿದ್ದರ ಫಲ. ಎರಡನೇ ರಿಪೇರಿಯಲ್ಲಿ ಅದನ್ನ ಯಾರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಎರಡನೆಯದು ನನ್ನದೇ ತಪ್ಪು. ಕಾಂಪೋಸ್ಟ್ ಚೀಲ ಜಾಸ್ತಿ ಹೇರಬಹುದು ಅಂತ ಹಿಂದಿನ ಕಮಾನಿಗೆ ಒಂದೊಂದು ಪಟ್ಟಿ ಜಾಸ್ತಿ ಹಾಕಿಸಿದ್ದೆ. ಹಿಂಭಾಗ ಎತ್ತರ ಆಗಿ ಶಾಫ್ಟಿನ ಓರೆ ಹೆಚ್ಚಿತ್ತು, ಪಿನಿಯನ್ ಮೂತಿಯೂ ಮೇಲಕ್ಕೆ ತಿರುಗಿತ್ತು. ಅಳೆದಾಗ ಮುಂದಿನ ಜಾಯಿಂಟಿನ ಕೋನ 8 ಡಿಗ್ರಿ, ಹಿಂದಿನದು 5. ಜಾಸ್ತಿ ಪಟ್ಟಿ ತೆಗೆಸಿದ ಮೇಲೆ ಮುಂದೆ 6, ಹಿಂದೆ 5.5. ಸ್ಲಿಪ್ ಜಾಯಿಂಟನ್ನು ಬಾಣಕ್ಕೆ ಬಾಣ ಕೂಡಿಸಿ ಜೋಡಿಸಿದ್ದಾಯ್ತು. 50ರ ನಡುಕ ಅವತ್ತೇ ನಿಂತಿತು.

ಮೂರು ಸಲದ ಕ್ರಾಸ್, ಕೂಲಿ, ಗಾಡಿ ಎಳೆಸಿದ್ದು ಸೇರಿ 11,000 ರೂಪಾಯಿ ಮೇಲೆ ಹೋಗಿತ್ತು. ಕಾರಣ ಸರಿಪಡಿಸಿದ ಕೂಲಿ 1,500. ಕಾಂಪೋಸ್ಟನ್ನು ಈಗ ಒಂದರ ಬದಲು ಎರಡು ಟ್ರಿಪ್ ಮಾಡ್ತೀನಿ.

ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಬೇಡ

ಮಳೆಗಾಲದಲ್ಲಿ ನನಗೊಂದು ಕೆಟ್ಟ ಅಭ್ಯಾಸ ಇತ್ತು: ತೋಟದ ಕೆಸರಿನಲ್ಲಿ ಹಾಕಿದ ಫೋರ್ ವೀಲನ್ನು ಟಾರ್ ರಸ್ತೆಗೆ ಬಂದರೂ ತೆಗೀತಿರಲಿಲ್ಲ. ಇಂಥ ಹಳೇ ಗಾಡಿಗಳಲ್ಲಿ ಮುಂದಿನ, ಹಿಂದಿನ ಶಾಫ್ಟ್‌ಗಳ ನಡುವೆ ಡಿಫರೆನ್ಷಿಯಲ್ ಇರಲ್ಲ, ಎರಡೂ ಒಂದಕ್ಕೊಂದು ಬಿಗಿದು ತಿರುಗತ್ತೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಾದರೆ ಟೈರ್ ಜಾರಿ ಸರಿಹೋಗತ್ತೆ. ಒಣ ಟಾರಿನಲ್ಲಿ ಜಾರಲ್ಲ. ಹಗ್ಗ ಹುರಿಗೊಂಡ ಹಾಗೆ ಬಿಗಿತ ಶಾಫ್ಟಿನಲ್ಲಿ, ಕ್ರಾಸಿನಲ್ಲಿ, ಟ್ರಾನ್ಸ್‌ಫರ್ ಕೇಸಿನಲ್ಲಿ ತುಂಬತ್ತೆ. ಫೋರ್ ವೀಲ್ ಟ್ರ್ಯಾಕ್ಟರ್ ಇರೋರಿಗೆ ಇದು ಗೊತ್ತಿರತ್ತೆ, ರಸ್ತೆಗೆ ಬಂದ ಕೂಡಲೇ ಮುಂದಿನ ಡ್ರೈವ್ ತೆಗೀತಾರೆ. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಹಾಕಿ ಫೋರ್ ವೀಲಿನಲ್ಲಿ ಓಡಿಸಿದರೂ ಇದೇ ಕಥೆ, ನೇರ ರಸ್ತೆಯಲ್ಲೂ ಬಿಗಿತ ಬರತ್ತೆ.

ನಾನು ಈಗ ಪಾಲಿಸೋದು

- ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಹಳ್ಳ ದಾಟಿದ ದಿನವೇ ಸಂಜೆ ಗ್ರೀಸ್. ನಾಲ್ಕೂ ಕಪ್ಪಿನ ಅಂಚಿನಲ್ಲಿ ಹೊಸ ಗ್ರೀಸ್ ಕಾಣೋ ತನಕ ಹೊಡೀಬೇಕು. ಒಂದರಲ್ಲಿ ಬರದಿದ್ದರೆ ಆ ಕಪ್ ಒಣಗ್ತಿದೆ ಅಂತ ಅರ್ಥ.
- ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಂಡರೆ ನೀರು ಹೊಕ್ಕಿದೆ, ಬದಲಿಸಿ. ಮೇಲಿರೋ ಬ್ರೀದರ್ ಕೆಸರಿನಿಂದ ಕಟ್ಟಿದೆಯಾ ನೋಡಿ.
- ಶಾಫ್ಟ್ ಬಿಚ್ಚೋ ಮೊದಲು ಫ್ಲ್ಯಾಂಜ್, ಸ್ಲಿಪ್ ಜಾಯಿಂಟ್ ಎರಡಕ್ಕೂ ಬಿಳಿ ಪೇಂಟಿನ ಗುರುತು. ಗ್ಯಾರೇಜಿಗೆ ಹೋಗೋ ಮುಂಚೆ ನಾನೇ ಹಾಕಿ, ಫೋಟೋ ತೆಗೆದಿರ್ತೀನಿ.
- ಗ್ಯಾರೇಜಿನಲ್ಲಿ "ಕ್ರಾಸ್ ಚೇಂಜ್ ಮಾಡಿ" ಅನ್ನಲ್ಲ. ಏನು, ಯಾವಾಗ, ಯಾವ ವೇಗದಲ್ಲಿ ಆಗತ್ತೆ ಅಂತ ಹೇಳಿ, "ಇದು ಯಾಕೆ ಹೋಯ್ತು ಅಣ್ಣ?" ಅಂತ ಕೇಳ್ತೀನಿ. ಹಳೇ ಭಾಗ ಮನೆಗೆ ತರ್ತೀನಿ.
- ಸೀಟಿನ ಕೆಳಗೆ ಎರಡು ಮರದ ತುಂಡು ಯಾವಾಗಲೂ ಇರತ್ತೆ. ಕಲ್ಲು ಹುಡುಕೋಕೆ ಪ್ರತಿ ಸಲ ಪಕ್ಕದಲ್ಲಿ ಅಪ್ಪಯ್ಯ ಇರಲ್ಲ.

ನಾಲ್ಕನೇ ಕ್ರಾಸ್ ಹಾಕಿ 14 ತಿಂಗಳಾಯ್ತು, ಒಂದು ಪೂರ್ತಿ ಮಳೆಗಾಲ ಕಳೆದಿದೆ. ಮೊನ್ನೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆ, ಆಟ ಇಲ್ಲ. ನಿಮ್ಮ ಗಾಡಿಯಲ್ಲಿ ಒಂದೇ ಭಾಗ ಎರಡನೇ ಸಲ ಹೋಗಿದ್ದರೆ ಮೂರನೆಯದು ಕೊಳ್ಳೋ ಮೊದಲು ಒಂದು ಭಾನುವಾರ ಇದಕ್ಕೆ ಕೊಡಿ.

ಮುಂದಿನ ವಾರ ಮತ್ತೆ ತೋಟಕ್ಕೆ ಬರೋಣ: ಮಳೆಗೆ ಮುಂಚೆ ಕಾಳುಮೆಣಸಿನ ಬುಡದಲ್ಲಿ ನೀರು ನಿಲ್ಲದ ಹಾಗೆ ಬಸಿಗಾಲುವೆ ಮಾಡೋದು ಹೇಗೆ ಅಂತ ನೋಡೋಣ.