ಪಠಿಸು ಎಂದರೇನು?

ಪ್ರೀತಿಯ ಸಹಪಾಠಿಗಳೇ, ಪೂಜ್ಯ ಗುರುಗಳೇ,

ಈಗ ನಿಮ್ಮನ್ನು ‘ಸಹಪಾಠಿ’ ಅಂತ ಕರೆದೆನಲ್ಲ, ನಾನು ಹೇಳಬೇಕಾದ ವಿಷಯ ಆ ಪದದ ಒಳಗೇ ಇದೆ. ಪಾಠ, ಪಠ್ಯ, ಪಠಣ, ಪಾಠಶಾಲೆ ಇವೆಲ್ಲ ಒಂದೇ ಮನೆಯ ಮಕ್ಕಳು. ಇವುಗಳ ತಾಯಿಬೇರು ಸಂಸ್ಕೃತದ ‘ಪಠ್’ ಎಂಬ ಧಾತು. ಬಾಯಿಬಿಟ್ಟು ಹೇಳುವುದು ಎಂದು ಅದರ ಅರ್ಥ. ಅದಕ್ಕೆ ಕನ್ನಡದ ‘ಇಸು’ ಪ್ರತ್ಯಯ ಸೇರಿ ‘ಪಠಿಸು’ ಆಯಿತು. ಜಪಿಸು, ಭಜಿಸು ಕೂಡ ಹೀಗೇ ಆದವು.

ಜಪಿಸುವುದೇ ಬೇರೆ, ಪಠಿಸುವುದೇ ಬೇರೆ. ಜಪ ತುಟಿಯೊಳಗೆ ಅಥವಾ ಮನಸ್ಸಿನಲ್ಲೇ ನಡೆಯುತ್ತೆ. ಪಠಿಸಿದ್ದು ಕಿವಿಗೆ ಕೇಳಬೇಕು. ಅರ್ಚಕರು ಮಂತ್ರ ಪಠಿಸುತ್ತಾರೆ, ಮಸೀದಿಯಲ್ಲಿ ಕುರಾನ್ ಪಠಣ ಆಗುತ್ತದೆ. ಆದರೆ ಇದು ಬರಹದ ಪದ. ಮನೇಲಿ ಯಾರೂ ‘ಮಗ್ಗಿ ಪಠಿಸು’ ಅನ್ನಲ್ಲ, ‘ಮಗ್ಗಿ ಹೇಳು’ ಅಂತಾರೆ.

ನಮ್ಮ ಅಚ್ಚಗನ್ನಡದ ‘ಓದು’ ಎಂಬುದಕ್ಕೂ ಹಿಂದೆ ಗಟ್ಟಿಯಾಗಿ ಹೇಳು ಎಂಬ ಅರ್ಥವಿತ್ತು. ಮದುವೇಲಿ ಮುಯ್ಯಿ ‘ಓದಿಸ್ತಾರಲ್ಲ’, ಅಲ್ಲಿ ಆ ಅರ್ಥ ಇನ್ನೂ ಉಳಿದಿದೆ. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರ ಹಾಡುವವರಿಗೆ ‘ಓದುವಾರ್’ ಎಂದೇ ಹೆಸರು.

ವೇದಗಳನ್ನು ಬಹಳ ಕಾಲ ಬರೆದಿಡದೆ, ಪಠಿಸಿಯೇ ಉಳಿಸಿದರು. ಒಂದು ಪದವೂ ತಪ್ಪಬಾರದೆಂದು ಒಂದು ಉಪಾಯ ಮಾಡಿದ್ದರು. ‘ಮಳೆ ಬಂತು ಕೆರೆ ತುಂಬಿತು’ ಎಂಬ ನಮ್ಮ ಮಾತನ್ನೇ ತೆಗೆದುಕೊಳ್ಳಿ. ಕ್ರಮಪಾಠದ ರೀತಿಯಲ್ಲಿ ‘ಮಳೆ ಬಂತು, ಬಂತು ಕೆರೆ, ಕೆರೆ ತುಂಬಿತು’ ಎನ್ನಬೇಕು. ಜಟಾಪಾಠದಲ್ಲಿ ‘ಮಳೆ ಬಂತು, ಬಂತು ಮಳೆ, ಮಳೆ ಬಂತು’ ಎಂದು ಹಿಂದೆ ಮುಂದೆ ಹೆಣೆಯುತ್ತಾ ಹೋಗಬೇಕು. ಒಂದು ಪದ ಬಿಟ್ಟರೂ ಕೊಂಡಿ ಕಳಚಿ ತಕ್ಷಣ ಗೊತ್ತಾಗುತ್ತೆ. ಇದಕ್ಕಿಂತ ಕಷ್ಟದ ಘನಪಾಠ ಬಲ್ಲವರೇ ಘನಪಾಠಿಗಳು. ಈ ವೇದಪಠಣ ಪರಂಪರೆಯನ್ನು 2008ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು.

ಆದರೆ ಎರಡು ವಿಷಯ ಮರೆಯಬಾರದು. ಒಂದು, ಅರ್ಥ ತಿಳಿಯದೆ ವೇದ ಕಲಿತವನು ಬರೀ ಹೊರೆ ಹೊತ್ತ ಕಂಬದ ಹಾಗೆ ಎಂಬ ಮಾತು ಯಾಸ್ಕರ ‘ನಿರುಕ್ತ’ದಲ್ಲೇ ಇದೆ. ಬಾಯಿಪಾಠ ನೆನಪನ್ನು ಕಾಯುತ್ತೆ, ತಿಳುವಳಿಕೆ ಕೊಡಲ್ಲ. ಎರಡು, ಧರ್ಮಶಾಸ್ತ್ರಗಳು ಶೂದ್ರರನ್ನೂ ಹೆಂಗಸರನ್ನೂ ಆ ಪಠಣದಿಂದ ದೂರ ಇಟ್ಟಿದ್ದವು. ಆ ಕಾಲದಲ್ಲಾಗಿದ್ದರೆ ನಾನೂ, ನಮ್ಮ ತರಗತಿಯ ಎಷ್ಟೋ ಜನವೂ ಹೊರಗೇ ನಿಲ್ಲಬೇಕಿತ್ತು. ಆಗ ‘ಸಹಪಾಠಿ’ ಎಂಬ ಪದ ನಮಗೆ ಸಲ್ಲುತ್ತಿರಲಿಲ್ಲ.

ಇವತ್ತು ನಾವೆಲ್ಲ ಒಂದೇ ಸಾಲಲ್ಲಿ ನಿಂತು ಸಂವಿಧಾನದ ಪೀಠಿಕೆ ಪಠಿಸುತ್ತೇವೆ. 2023ರ ಸೆಪ್ಟೆಂಬರ್ 15ರಂದು ರಾಜ್ಯದ ಶಾಲೆ, ಕಾಲೇಜು, ಕಚೇರಿಗಳಲ್ಲೆಲ್ಲ ಜನ ಒಟ್ಟಾಗಿ ಅದನ್ನು ಓದಿದರು. ಅದರಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಪದಗಳಿವೆ. ನಮ್ಮಲ್ಲಿ ಸುಮಾರು ಜನಕ್ಕೆ ಅದು ಬಾಯಿಗೆ ಬಂದಿದೆ. ‘ಭ್ರಾತೃತ್ವ ಅಂದರೇನು?’ ಅಂತ ಕೇಳಿದರೆ ಎಷ್ಟು ಜನ ಕೈ ಎತ್ತುತ್ತೇವೆ?

ಪೀಠಿಕೆಯಾಗಲಿ, ಪದ್ಯವಾಗಲಿ, ಗಟ್ಟಿಯಾಗಿ ಪಠಿಸೋಣ. ಗೊತ್ತಿಲ್ಲದ ಪದ ಬಂದರೆ ನಾಚಿಕೊಳ್ಳದೆ ಅಲ್ಲೇ ಮೇಷ್ಟ್ರನ್ನು ಕೇಳೋಣ. ಹೊರೆ ಹೊತ್ತ ಕಂಬ ಆಗುವುದು ಬೇಡ.

— 9ನೇ ತರಗತಿಯ ವಿದ್ಯಾರ್ಥಿನಿ