ಥಿನ್ನರ್ ಒಂದು ಮೂಲೆಯಲ್ಲಿ, ಕಿಡಿ ಇನ್ನೊಂದು ಮೂಲೆಯಲ್ಲಿ

ಪ್ರಶ್ನೆ: ಐರೋಲಿಯ ನಮ್ಮ ಪೇಂಟ್ ಘಟಕದಲ್ಲಿ ಥಿನ್ನರ್ ಡ್ರಮ್ಮಿನಿಂದ ದೂರದಲ್ಲೂ ಬೆಂಕಿಕಡ್ಡಿ ಗೀರಲು ಬಿಡುವುದಿಲ್ಲ. ಅಷ್ಟು ದೂರದ ಕಿಡಿಯಿಂದ ಥಿನ್ನರ್ ಹೊತ್ತಿಕೊಳ್ಳಬಹುದೇ?

ಖಂಡಿತ. ಉರಿಯುವುದು ದ್ರವವಲ್ಲ, ಅದರಿಂದೇಳುವ ಆವಿ. ಅನೇಕ ಥಿನ್ನರ್‌ಗಳಲ್ಲಿರುವ ಟೊಲ್ಯೂಯಿನ್, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಐರೋಲಿಯಲ್ಲಿ ಚಳಿಗಾಲದಲ್ಲೂ ಅಷ್ಟು ತಂಪಿರುವುದಿಲ್ಲ. ಅಂದರೆ ಅಪಾಯ ವರ್ಷವಿಡೀ ಇದ್ದದ್ದೇ.

ಈ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಚೆಲ್ಲಿದ ನೀರು ಇಳಿಜಾರು ಹುಡುಕಿಕೊಂಡು ಹರಿಯುವಂತೆ ಇದೂ ನೆಲಕ್ಕಂಟಿ ಹರಿದು ಗುಂಡಿ, ಚರಂಡಿಗಳಲ್ಲಿ ನಿಲ್ಲುತ್ತದೆ; ಕಣ್ಣಿಗೆ ಮಾತ್ರ ಕಾಣದು. ಗಾಳಿಯಲ್ಲಿ ಅದರ ಪಾಲು ಶೇ 1ರಷ್ಟು ದಾಟಿದಲ್ಲಿ ಒಂದು ಕಿಡಿ ಸಾಕು. ಜ್ವಾಲೆ ಆವಿಯ ಹಾದಿಯಲ್ಲೇ ಹಿಂದಕ್ಕೋಡಿ ಡ್ರಮ್ಮನ್ನು ತಲುಪುತ್ತದೆ.

ಬೆಂಕಿಕಡ್ಡಿಯೇ ಬೇಕೆಂದಿಲ್ಲ. ಸ್ವಿಚ್ಚಿನ ಕಿಡಿಯೂ, ಸುರಿಯುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತೂ ಸಾಕು. ಅದಕ್ಕೇ ಸುರಿಯುವ ಮೊದಲು ಡ್ರಮ್ಮು ಮತ್ತು ಲೋಹದ ಕ್ಯಾನನ್ನು ತಂತಿಯಿಂದ ಜೋಡಿಸಿ ಅರ್ತಿಂಗ್ ಮಾಡಬೇಕು. ಮುಚ್ಚಳ ಬಿಗಿಯಾಗಿರಲಿ. ಆವಿ ಹೊರಹಾಕುವ ವ್ಯವಸ್ಥೆ ನೆಲಮಟ್ಟದಲ್ಲೂ ಇರಲಿ.

ಉಸಿರಾಡಿದರೆ ಈ ಆವಿಯಿಂದ ತಲೆನೋವು, ತಲೆಸುತ್ತು, ಮಂಪರು ಬರುತ್ತವೆ. ಸ್ವಲ್ಪ ಹೊತ್ತಿಗೆ ಮೂಗು ವಾಸನೆಗೆ ಒಗ್ಗಿಬಿಡುವುದರಿಂದ ಅದನ್ನು ನಂಬುವಂತಿಲ್ಲ. ತಲೆ ಸುತ್ತಿದರೆ ತಕ್ಷಣ ಹೊರಗಿನ ಗಾಳಿಗೆ ಬನ್ನಿ, ಸೂಪರ್‌ವೈಸರ್‌ಗೆ ತಿಳಿಸಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು. ಅದಕ್ಕೆ ಇಂಗಾಲದ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕೇಳಿ ಪಡೆಯಿರಿ.