ಲೇಕಾಕ್ ಮಹಾಗೃಹ ಮತ್ತು ಅದರ ಒಡೆಯರು

ಮನೆಯೊಂದು ಶತಮಾನಗಳ ಕಾಲ ಬಾಳುವುದು ಕಲ್ಲು ಗಾರೆಗಳ ಬಲದಿಂದಲೋ, ಒಡೆಯರ ಮನೋಧರ್ಮದಿಂದಲೋ? ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ, ಏವನ್ ನದಿಯ ಬಳಿಯಲ್ಲಿರುವ ಲೇಕಾಕ್ ಆ್ಯಬಿಯ ಚರಿತ್ರೆಯನ್ನು ಅವಲೋಕಿಸಿದಾಗ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಆ್ಯಬಿ ಎಂದರೆ ಸಂನ್ಯಾಸಿಗಳ ಮಠ. ಸಾಲ್ಸ್‌ಬರಿಯ ಪ್ರಭುಪತ್ನಿ ಈಲಾ ಎಂಬಾಕೆ, ೧೨೨೬ರಲ್ಲಿ ತೀರಿಕೊಂಡ ತನ್ನ ಪತಿಯ ಸ್ಮರಣಾರ್ಥವಾಗಿ ಸಂನ್ಯಾಸಿನಿಯರಿಗೆಂದು ೧೨೩೨ರಲ್ಲಿ ಇದಕ್ಕೆ ಅಡಿಗಲ್ಲನ್ನಿಟ್ಟಳು. ಮುಂದೆ ತಾನೂ ಆ ಮಠವನ್ನು ಸೇರಿ ಅದರ ಮುಖ್ಯಸ್ಥೆಯಾದಳು. ಮುನ್ನೂರು ವರ್ಷಗಳ ತರುವಾಯ ಎಂಟನೆಯ ಹೆನ್ರಿಯು ದೇಶದ ಮಠಗಳನ್ನೆಲ್ಲ ವಿಸರ್ಜಿಸಿದಾಗ, ೧೫೩೯ರಲ್ಲಿ ಲೇಕಾಕ್ ಕೂಡ ಅರಸನ ವಶವಾಯಿತು.

ಮರುವರ್ಷ ವಿಲಿಯಂ ಶಾರಿಂಗ್ಟನ್ ಎಂಬ ಆಸ್ಥಾನಿಕನು ಅದನ್ನು ೭೮೩ ಪೌಂಡುಗಳಿಗೆ ಕೊಂಡನು. ಆತನು ಪ್ರಾರ್ಥನಾಮಂದಿರವನ್ನು ಕೆಡವಿಸಿದನು. ಆದರೆ ಕಮಾನುಗಳ ಪ್ರಾಕಾರವನ್ನು ಉಳಿಸಿಕೊಂಡು, ಅದರ ಮೇಲೆಯೇ ವಾಸದ ಮನೆಯನ್ನೂ ಪಕ್ಕದಲ್ಲಿ ಎಂಟು ಮೂಲೆಯ ಗೋಪುರವನ್ನೂ ಕಟ್ಟಿಸಿದನು. ಬ್ರಿಸ್ಟಲ್ ಟಂಕಸಾಲೆಯಲ್ಲಿ ಅಕ್ರಮವೆಸಗಿ ಸೆರೆಯಾದ ಈತನು ಕ್ಷಮಾದಾನ ಪಡೆದು, ೧೫೫೩ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಆಸ್ತಿಯು ತಮ್ಮನಿಗೆ ಸಂದು, ಆ ತಮ್ಮನ ಮಗಳು ಆಲಿವ್‌ಳ ವಿವಾಹದ ಮೂಲಕ ಟಾಲ್ಬಟ್ ಮನೆತನವನ್ನು ಸೇರಿತು.

ಆ ಮನೆತನದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ೧೮೦೦ರಲ್ಲಿ ಜನಿಸಿದನು. ಅದೇ ವರ್ಷ ತಂದೆಯು ಸಾಲದ ಹೊರೆಯನ್ನು ಬಿಟ್ಟು ಗತಿಸಿದ್ದರಿಂದ ಮನೆಯನ್ನು ಬಾಡಿಗೆಗೆ ಕೊಡಬೇಕಾಯಿತು. ೧೮೨೭ರಲ್ಲಿ ಮರಳಿ ಬಂದು ನೆಲಸಿದ ಟಾಲ್ಬಟ್, ಉಪ್ಪುನೀರು ಮತ್ತು ಬೆಳ್ಳಿಯ ನೈಟ್ರೇಟನ್ನು ಲೇಪಿಸಿದ ಕಾಗದದ ಮೇಲೆ ಬೆಳಕಿನಿಂದಲೇ ಚಿತ್ರ ಮೂಡಿಸುವ ಪ್ರಯೋಗದಲ್ಲಿ ತೊಡಗಿದನು. ಆತನ ಚಿಕ್ಕ ಕ್ಯಾಮರಾಗಳನ್ನು ಹೆಂಡತಿಯು ಇಲಿಬೋನುಗಳೆಂದು ಹಾಸ್ಯಮಾಡುತ್ತಿದ್ದಳು. ೧೮೩೫ರ ಆಗಸ್ಟಿನಲ್ಲಿ ಆತನು ತನ್ನ ಮನೆಯ ಕಿಟಕಿಯೊಂದನ್ನು ಅಂಚೆ ಚೀಟಿಯಷ್ಟು ಕಾಗದದ ಮೇಲೆ ಸೆರೆಹಿಡಿದನು. ಉಳಿದುಬಂದಿರುವ ಕ್ಯಾಮರಾ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಒಂದು ನೆಗೆಟಿವ್‌ನಿಂದ ಅನೇಕ ಪ್ರತಿಗಳನ್ನು ತೆಗೆಯುವ ಕ್ರಮವು ಆತನ ಕೊಡುಗೆ. ವಾರ್ಷಿಕ ಸಂಚಿಕೆಗಳನ್ನು ಅಲಂಕರಿಸುತ್ತಿದ್ದ ಹಳೆಯ ಸಮೂಹ ಛಾಯಾಚಿತ್ರಗಳೆಲ್ಲ ಆ ತತ್ತ್ವದ ಸಂತತಿಗಳೇ.

ಟಾಲ್ಬಟ್‌ನ ಮೊಮ್ಮಗಳಾದ ಮಟಿಲ್ಡಾ ಅವರಿಗೆ ೧೯೧೬ರಲ್ಲಿ ಈ ಸ್ವತ್ತು ಬಂದಿತು. ಎರಡನೆಯ ಮಹಾಯುದ್ಧದಲ್ಲಿ ನಗರಗಳಿಂದ ಸ್ಥಳಾಂತರಗೊಂಡ ಮಕ್ಕಳಿಗೆ ಅಲ್ಲಿ ಆಶ್ರಯ ದೊರೆಯಿತು. ೧೯೪೪ರಲ್ಲಿ ಅವರು ಮನೆಯನ್ನೂ, ಅದಕ್ಕೆ ಸೇರಿದ ಲೇಕಾಕ್ ಗ್ರಾಮವನ್ನೂ ನ್ಯಾಷನಲ್ ಟ್ರಸ್ಟಿಗೆ ದಾನವಾಗಿತ್ತರು. ಆ ಮನೆಯಲ್ಲಿ ಶತಮಾನಗಳ ಕಾಲ ಜೋಪಾನವಾಗಿದ್ದ, ೧೨೨೫ರ ಮಾಗ್ನಾ ಕಾರ್ಟಾ ಹಕ್ಕುಪತ್ರದ ಮೂಲಪ್ರತಿಯನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ.

ಹೀಗೆ ಒಬ್ಬ ಮಹಿಳೆ ಲೋಕಕ್ಕೆಂದು ಕಟ್ಟಿಸಿದುದು ಕ್ರಯಪತ್ರದಿಂದ ಒಂದು ಮನೆತನದ ಸ್ವತ್ತಾಗಿ, ನಾಲ್ಕು ಶತಮಾನಗಳ ನಂತರ ಇನ್ನೊಬ್ಬ ಮಹಿಳೆಯ ದಾನಪತ್ರದಿಂದ ಲೋಕಕ್ಕೆ ಮರಳಿತು. ಕೆಡವಿದ ಮಂದಿರವು ಮಾತ್ರ ಮರಳಲಿಲ್ಲ. ಸಾರ್ವಜನಿಕ ಸ್ವತ್ತನ್ನು ಕಾಯುವ ಹೊಣೆ ಹೊತ್ತವರೆಲ್ಲರೂ ಮನಗಾಣಬೇಕಾದ ಸಂಗತಿಯಿದು: ದಾನವು ಒಂದು ದಿನದ ಕಾರ್ಯ, ಅದರ ರಕ್ಷಣೆಯು ತಲೆಮಾರುಗಳ ಕಾರ್ಯ.